ಸಾಹೇಬರು ಬಂದ ದಿನದ ಸಾರು

ನನ್ನನ್ನು ಏನು ಬೇಕಾದರೂ ಅನ್ನಿ, ಕೇಳಿಸಿಕೊಳ್ಳುತ್ತೇನೆ. ಮೂಗು ದಪ್ಪ ಅನ್ನಿ, ಹೌದು, ದಪ್ಪವೇ ಇದೆ. ಬಾಯಿ ಜೋರು ಅನ್ನಿ, ಅದನ್ನು ನನ್ನ ಗಂಡ ಸಾಯುವ ದಿನವೂ ಹೇಳಿಯೇ ಸತ್ತ. ಓದು ಬರಹ ಇಲ್ಲದವಳು ಅನ್ನಿ, ಅದರಲ್ಲಿ ಅರ್ಧ ಸುಳ್ಳು, ಆದರೂ ಜಗಳಕ್ಕೆ ಬರುವುದಿಲ್ಲ. ನಾನು ಮಾಡಿದ ಸಾರು ನೀರಾಗಿತ್ತು ಎಂದು ಮಾತ್ರ ಅನ್ನಬೇಡಿ. ಅದನ್ನು ಕೇಳಿದರೆ ನನಗೆ ತಲೆ ಎತ್ತಿ ಕೂರಲು ಆಗುವುದಿಲ್ಲ. ಸುಳ್ಳಾಗಿದ್ದರೆ ಸೌಟು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದೆ. ಅದು ನಿಜ, ಅದಕ್ಕೇ ಸಂಕಟ.

ನನ್ನ ಹೆಸರು ಹುಲಿಗೆಮ್ಮ. ಎಲಬುರ್ಗಾ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿದೆ. ಯಾವ ಹಾಸ್ಟೆಲು ಎಂದು ಕೇಳಬೇಡಿ, ಹೇಳುವುದಿಲ್ಲ. ಹುಡುಗಿಯರು ಎದುರಿಗೆ ಹುಲಿಗೆವ್ವ ಎನ್ನುತ್ತಿದ್ದರು, ಹಿಂದಿನಿಂದ ಬರೀ ಹುಲಿ ಎನ್ನುತ್ತಿದ್ದರು. ಎರಡೂ ನನಗೆ ಕೇಳಿಸುತ್ತಿತ್ತು. ನಾನು ಅಕ್ಷರ ಕಲಿತದ್ದೂ ಅಲ್ಲಿಯೇ, ಉಗ್ರಾಣದ ಡಬ್ಬಿಗಳ ಮೇಲೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಸುಣ್ಣದಲ್ಲಿ ಒಂದೊಂದು ಡಬ್ಬಿಯ ಮೇಲೂ ಹೆಸರು ಬರೆದುಕೊಟ್ಟಳು. ಊರಿನ ಮಕ್ಕಳು ಅ ಅಂದರೆ ಅರಸ ಎಂದು ಕಲಿತರೆ ನಾನು ಅ ಅಂದರೆ ಅಕ್ಕಿ ಎಂದು ಕಲಿತೆ. ತ ಅಂದರೆ ತೊಗರಿಬೇಳೆ. ಇವತ್ತಿಗೂ ಡಬ್ಬಿಯ ಮೇಲೆ ಇಲ್ಲದ ಅಕ್ಷರಗಳು ನನಗೆ ಸರಿಯಾಗಿ ಬರುವುದಿಲ್ಲ. ಋ ಎನ್ನುವುದನ್ನು ನಾನು ಬರೆದದ್ದೇ ಇಲ್ಲ. ಆ ಅಕ್ಷರದ ಸಾಮಾನನ್ನು ಯಾವ ಸರಕಾರವೂ ಹಾಸ್ಟೆಲಿಗೆ ಕೊಟ್ಟಿಲ್ಲ.

ಈಗ ಸಾರಿನ ಮಾತಿಗೆ ಬರುತ್ತೇನೆ. ಬೇಳೆ ಅಳತೆಯ ಮೇಲೆ ಬರುತ್ತಿತ್ತು, ಹಾಜರಿ ಪುಸ್ತಕದಲ್ಲಿ ಎಷ್ಟು ಹುಡುಗಿಯರಿದ್ದರೋ ಅಷ್ಟಕ್ಕೆ. ಊಟಕ್ಕೆ ಕೂರುವವರು ಮಾತ್ರ ಪುಸ್ತಕ ನೋಡಿಕೊಂಡು ಕೂರುತ್ತಿರಲಿಲ್ಲ. ಒಬ್ಬಳ ತಂಗಿ ಬಂದಿರುತ್ತಿದ್ದಳು. ಇನ್ನೊಬ್ಬಳ ತಾಯಿ ಸಂತೆಗೆಂದು ಬಂದು ಅಲ್ಲಿಯೇ ಉಳಿದಿರುತ್ತಿದ್ದಳು. ಜನ ಹೆಚ್ಚಾದ ಹಾಗೆ ನಾನು ಕೊಡದಿಂದ ನೀರು ಬಗ್ಗಿಸುತ್ತಿದ್ದೆ. ಯಾರಾದರೂ ಕೇಳಿದರೆ ಇದೇ ಕಾರಣ ಹೇಳುತ್ತಿದ್ದೆ, ಕೇಳಿದವರು ಪಾಪ ಎನ್ನುತ್ತಿದ್ದರು. ಆದರೆ ಕಾರಣ ಅದೊಂದೇ ಅಲ್ಲ. ದಿನಾ ಸಂಜೆ ಮನೆಗೆ ಹೊರಡುವಾಗ ನನ್ನ ಸೆರಗಿನ ತುದಿಯಲ್ಲಿ ಒಂದು ಗಂಟು ಇರುತ್ತಿತ್ತು. ಅದರಲ್ಲಿ ಎರಡು ಬೊಗಸೆ ತೊಗರಿಬೇಳೆ. ಮನೆಯಲ್ಲಿ ಮೂರು ಮಕ್ಕಳು. ಗಂಡ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ದುಡಿಯುತ್ತಲೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ನೋಡುತ್ತಿದ್ದ. ಹಾಗೆಂದು ಬಡತನದ ಕಥೆ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸಲು ನಾನು ಕೂತಿಲ್ಲ. ಕದ್ದೆ, ಅಷ್ಟೆ. ಮನೆಯ ಬೇಳೆ ಗಟ್ಟಿಯಾಗಿರುತ್ತಿತ್ತು, ಹಾಸ್ಟೆಲಿನದು ತೆಳ್ಳಗಿರುತ್ತಿತ್ತು. ಎರಡನ್ನೂ ಇದೇ ಕೈ ಕುದಿಸುತ್ತಿತ್ತು. ನನ್ನ ಮಕ್ಕಳಿಗೂ ನಾನು ಇದನ್ನು ಹೇಳಿರಲಿಲ್ಲ. ಅವ್ವ ಕೊಂಡು ತರುತ್ತಾಳೆ ಎಂದೇ ಅವರು ತಿಳಿದಿದ್ದರು.

ವರ್ಷದಲ್ಲಿ ಒಂದೆರಡು ದಿನ ಮಾತ್ರ ಸೆರಗಿನಲ್ಲಿ ಗಂಟು ಇರುತ್ತಿರಲಿಲ್ಲ. ಅವು ಜಿಲ್ಲೆಯಿಂದ ಸಾಹೇಬರು ತಪಾಸಣೆಗೆ ಬರುವ ದಿನಗಳು. ಅವತ್ತು ಬೇಳೆಯೆಲ್ಲ ಒಲೆಯ ಮೇಲೆಯೇ. ಒಣಕೊಬ್ಬರಿ, ಬೆಳ್ಳುಳ್ಳಿ ಒಗ್ಗರಣೆ, ಹದವಾಗಿ ಹುಣಸೆಹುಳಿ, ಒಂದು ಚೂರು ಬೆಲ್ಲ. ಸೌಟು ನಿಲ್ಲಿಸಿದರೆ ನಿಲ್ಲಬೇಕು, ಅಂಥ ಸಾರು. ಸಾಹೇಬರು ಒಂದು ಚಮಚ ಬಾಯಿಗೆ ಹಾಕಿಕೊಂಡು ತಲೆಯಾಡಿಸಿ, ಊಟ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದು ಜೀಪು ಹತ್ತುತ್ತಿದ್ದರು. ಉಳಿದದ್ದೆಲ್ಲ ಹುಡುಗಿಯರಿಗೆ. ಅದಕ್ಕೆ ಅವರು ಸಾಹೇಬರ ಸಾರು ಎಂದೇ ಹೆಸರಿಟ್ಟಿದ್ದರು. ಪರೀಕ್ಷೆ ಪಾಸಾಗಲಿ ಎಂದು ದೇವರಿಗೆ ಕಾಯಿ ಹರಸಿಕೊಳ್ಳುವವರು ಸಾಹೇಬರು ಬರಲಿ ಎಂದು ಇನ್ನೊಂದು ಕಾಯಿ ಹರಸಿಕೊಳ್ಳುತ್ತಿದ್ದರು. ಮೊದಲನೆಯ ಹರಕೆ ಫಲಿಸದಿದ್ದರೂ ಅವರಿಗೆ ಅಂಥ ದುಃಖವಾಗುತ್ತಿರಲಿಲ್ಲ.

ಈಗ ನಾನು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗಳು ಶಾಂತಾಳ ಮನೆಯಲ್ಲಿದ್ದೇನೆ. ಆಕೆಯ ಮಗಳು ಸಹನಾ ಕೊಪ್ಪಳದಲ್ಲಿ ಬಿ.ಎ. ಓದುತ್ತಾಳೆ. ಹಾಸ್ಟೆಲಿನಲ್ಲಿ ಒಂದು ದಿನವೂ ಇದ್ದವಳಲ್ಲ, ಆದ್ದರಿಂದ ಹಾಸ್ಟೆಲಿನ ವಿಷಯ ಆಕೆಗೆ ಎಲ್ಲವೂ ಗೊತ್ತು. ಎಲ್ಲಿಯೋ ಹಳೆಯ ಪುಸ್ತಕದ ರಾಶಿಯಲ್ಲಿ ಆಕೆಗೂ ಆಕೆಯ ಗೆಳತಿ ಶಬಾನಾಳಿಗೂ ಒಂದು ಕಟ್ಟು ಕಾದಂಬರಿಗಳು ಸಿಕ್ಕವು. ಎಲ್ಲವೂ ಹಿಂದಿನ ಕಾಲದ ಹೆಣ್ಣುಮಕ್ಕಳ ವಸತಿಶಾಲೆಯ ಕಥೆಗಳು. ಸಹನಾ ಓದಿ ಹೇಳುತ್ತಿದ್ದಳು, ನಾನು ಸೊಪ್ಪು ಸೋಸುತ್ತಾ ಕೇಳುತ್ತಿದ್ದೆ. ಹತ್ತು ಪುಸ್ತಕಕ್ಕೂ ಕಥೆ ಒಂದೇ. ತಂದೆತಾಯಿ ಇಲ್ಲದ ಹುಡುಗಿ ಟ್ರಂಕು ಹಿಡಿದುಕೊಂಡು ಬರುತ್ತಾಳೆ. ಆಕೆಯಲ್ಲಿ ಇಲ್ಲದ ಸದ್ಗುಣವಿಲ್ಲ. ಶ್ರೀಮಂತರ ಮಗಳೊಬ್ಬಳಿಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ವಾರ್ಡನ್ ಬೆತ್ತ ಹಿಡಿದಿರುತ್ತಾಳೆ, ಆದರೆ ಮರೆಗೆ ಹೋಗಿ ಅಳುತ್ತಾಳೆ. ಒಂದು ಸರ ಕಳೆಯುತ್ತದೆ, ಒಳ್ಳೆಯ ಹುಡುಗಿಯ ಮೇಲೆ ಅಪವಾದ ಬರುತ್ತದೆ, ಆಕೆ ಬಾಯಿ ಬಿಡುವುದಿಲ್ಲ. ಕೊನೆಗೆ ಸರ ಕಾಗೆಯ ಗೂಡಿನಲ್ಲಿ ಸಿಗುತ್ತದೆ. ಎಲ್ಲರೂ ತಪ್ಪೊಪ್ಪಿಕೊಂಡು ತಬ್ಬಿಕೊಂಡು ಅಳುತ್ತಾರೆ. ಒಳ್ಳೆಯವಳು ಇಡೀ ರಾಜ್ಯಕ್ಕೆ ಮೊದಲು ಬರುತ್ತಾಳೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥವಳನ್ನು ನಾನು ಒಬ್ಬಳನ್ನೂ ಕಂಡಿಲ್ಲ. ನಾನು ಕಂಡವರು ನೀರಿನ ಸರದಿಗೆ, ಹೇನಿಗೆ, ಕಳೆದುಹೋದ ಒಳಲಂಗಕ್ಕೆ ಜಡೆ ಹಿಡಿದು ಹೊಡೆದಾಡಿದವರು. ತಪ್ಪೊಪ್ಪಿಕೊಂಡು ತಬ್ಬಿಕೊಂಡವರು ಯಾರೂ ಇಲ್ಲ. ಹೊಡೆದಾಡಿ ಸುಸ್ತಾಗಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು, ಅಷ್ಟೆ.

ಈ ಕಥೆಗಳನ್ನೆಲ್ಲ ಗೇಲಿ ಮಾಡಿ ಒಂದು ನಾಟಕ ಆಡಬೇಕು ಎಂದು ಇವರಿಬ್ಬರಿಗೂ ಹುಕಿ ಬಂತು. ನಾಟಕದ ಹೆಸರು 'ಸುಶೀಲಾ ಸದನ'. ಅದರಲ್ಲಿ ಐದು ಹುಡುಗಿಯರು, ಐವರ ಹೆಸರೂ ಸುಶೀಲಾ, ಒಬ್ಬಳಿಗಿಂತ ಒಬ್ಬಳು ಒಳ್ಳೆಯವಳು. ಸಹನಾ ವಾರ್ಡನ್. ಆಕೆಯ ಬೆತ್ತದ ತುದಿಗೆ ಒಂದು ಕರವಸ್ತ್ರ ಕಟ್ಟಿರುತ್ತದೆ, ಹೊಡೆಯುತ್ತಾ ಹೊಡೆಯುತ್ತಾ ಅದೇ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುವುದಕ್ಕೆ. ತಾಲೀಮು ನಮ್ಮ ಮನೆಯ ಅಂಗಳದಲ್ಲಿಯೇ ನಡೆಯುತ್ತಿತ್ತು. ಸರ ಕಳೆದ ಕೂಡಲೇ ಐದೂ ಸುಶೀಲೆಯರು ಅಪವಾದ ತನಗೇ ಬರಲಿ ಎಂದು ಜಗಳಕ್ಕೆ ಬೀಳುತ್ತಿದ್ದರು.

"ಸರ ನಾ ಕದ್ದೀನ್ರಿ ಮೇಡಂ, ನನ್ನ ಹೊರಗ ಹಾಕ್ರಿ!"

"ಆಕಿ ಸುಳ್ಳ ಹೇಳಾಕತ್ಯಾಳ್ರಿ! ಕದಿಯೂ ಮಾರಿ ಐತೇನ್ರಿ ಅದು? ಕದ್ದಾಕಿ ನಾನ್ರಿ!"

"ಹೋದ ವಾರಾನೂ ಅಪವಾದ ನೀನ ತಗೊಂಡಿ. ಈ ವಾರ ನನ್ನ ಪಾಳಿ!"

ನನ್ನ ಮಗಳು ಶಾಂತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಓಣಿಯ ಹೆಂಗಸರು ಗೋಡೆಯ ಮೇಲೆ ಗದ್ದ ಇಟ್ಟು ನಗುತ್ತಿದ್ದರು. ನನಗೆ ಮೊದಲಿನಿಂದಲೂ ಬೇಗ ನಗು ಬರುವುದಿಲ್ಲ. ಅದೂ ಅಲ್ಲದೆ, ಮಾಡದ ಕಳ್ಳತನಕ್ಕೆ ಐದು ಜನ ಕಿತ್ತಾಡುವುದನ್ನು ನೋಡುತ್ತಾ ನನಗೆ ಸೊಪ್ಪಿನ ದಂಟು ಯಾವುದು, ಎಲೆ ಯಾವುದು ತಿಳಿಯದಂತಾಯಿತು.

ಆಮೇಲೆ ಬಂತು ಊಟದ ದೃಶ್ಯ. ಶಬಾನಾ ಮೊದಲನೆಯ ಸುಶೀಲಾ. ಆಕೆಯ ಮುಂದೆ ಬಟ್ಟಲಿನಲ್ಲಿ ಅರಿಶಿನ ಕದಡಿದ ನೀರು, ಅದೇ ಸಾರು. ಆಕೆ ಬಗ್ಗಿ ನೋಡಿ, "ಅಯ್ಯ, ಸಾರಿನಾಗ ನನ್ನ ಮಾರಿ ಎಷ್ಟ್ ಚಂದ ಕಾಣಾಕತ್ತೈತಿ! ಯಾರರ ಕಾಡಿಗಿ ಕೊಡ್ರೇ" ಎಂದು, ಸಾರು ನೋಡಿಕೊಂಡು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡಳು. ಅಷ್ಟರಲ್ಲಿ ಅಡುಗೆಯವಳು ಸೌಟು ಹಿಡಿದು ಬಂದಳು. ಆಕೆಯ ಸೆರಗಿನಲ್ಲಿ ಒಂದು ದೊಡ್ಡ ಗಂಟು. ಆಕೆ ನಡೆದ ಹಾಗೆ ಗಂಟಿನಿಂದ ಬೇಳೆ ಉದುರುತ್ತದೆ. ಐದೂ ಸುಶೀಲೆಯರು ಸಾಲಾಗಿ ಕುಕ್ಕರುಗಾಲಲ್ಲಿ ಹಿಂದೆ ಹೋಗುತ್ತಾ ಆಯ್ದು ಆಯ್ದು, "ಅವ್ವಾ, ನಿಮ್ಮ ಬ್ಯಾಳಿ ಬಿದ್ದಾವು ತಗೋರಿ" ಎಂದು ಭಕ್ತಿಯಿಂದ ತಿರುಗಿ ಕೊಡುತ್ತಾರೆ.

ನಾನು ಸೊಪ್ಪು ಬಿಟ್ಟು ಎದ್ದೆ. ಮೊಮ್ಮಗಳನ್ನು ಹತ್ತಿರ ಕರೆದು ಕೇಳಿದೆ. "ಏ ಸಹನಾ, ಈ ಗಂಟಿನ ಮಾತು ನಿಮಗ ಯಾರು ಹೇಳಿದ್ರು?"

"ಯಾರ್ ಹೇಳಬೇಕಜ್ಜಿ? ಯಾವ ಪುಸ್ತಕ ತಗದ್ರೂ ಅಡಿಗಿಯಾಕಿ ಕಳ್ಳಿನ ಇರ್ತಾಳ. ನೀ ಯಾಕ ಗಾಬರಿ ಆಗಿ?"

"ನನಗ್ಯಾಕ ಗಾಬರಿ? ಹಿಂಗ ಕಟ್ಟಿದ್ರ ಬ್ಯಾಳಿ ಉದುರಲಾರದ ಏನ್ ಮಾಡ್ತಾವು? ತುದಿ ಒಳಗ ಮಡಚಿ, ಒಂದ್ ಸುತ್ತು ತಿರುವಿ, ಆಮ್ಯಾಲ ಗಂಟು ಹಾಕಬೇಕು. ಹಂಗಾದ್ರ ಓಡಿದ್ರೂ ಒಂದ್ ಕಾಳು ಬೀಳೂದಿಲ್ಲ."

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು. ನಾನು ನಾಲಿಗೆ ಕಚ್ಚಿಕೊಂಡೆ. ಶಬಾನಾ ಚಪ್ಪಾಳೆ ತಟ್ಟಿ, "ನೋಡ್ರೇ, ಅಜ್ಜಿ ಹುಟ್ಟಾ ಕಲಾವಿದೆ ಅದಾಳ! ಅಡಿಗಿಯಾಕಿ ಪಾರ್ಟು ಅಜ್ಜಿಗೇ ಕೊಡೂಣು" ಎಂದಳು. ಅಡುಗೆಯವಳಾಗಿದ್ದ ಕನಕಗಿರಿಯ ಹುಡುಗಿ ಸೌಟನ್ನು ಬೆತ್ತದ ಹಾಗೆ ಹಿಡಿದಿದ್ದಳು. ಆಕೆಗೆ ಪರದೆ ಎಳೆಯುವ ಕೆಲಸ ಕೊಟ್ಟರು. ಹೀಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಬೇಳೆ ಕದಿಯುವ ವಿದ್ಯೆ ಬಲ್ಲವಳೆಂಬ ಯೋಗ್ಯತೆಯ ಮೇಲೆ ನಾನು ರಂಗಭೂಮಿಗೆ ಕಾಲಿಟ್ಟೆ.

ನನಗೆ ನಾಟಕದಲ್ಲಿ ಒಂದೂ ಮಾತಿಲ್ಲ. ಬಡಿಸುವುದು, ನಡೆಯುವುದು, ಹೋಗುವುದು. ಬೇಡ ಎನ್ನಬಹುದಿತ್ತು, ಆದರೆ ಯಾಕೆ ಎಂದು ಕೇಳಿದರೆ ಏನು ಹೇಳಲಿ? ಅಷ್ಟರಲ್ಲಿ ಸಹನಾ ಫೋನಿನಲ್ಲಿ ಊರೂರಿಗೆ ಸುದ್ದಿ ಬಿಟ್ಟಿದ್ದಳು, ಹಾಸ್ಟೆಲಿನಲ್ಲಿ ಇದ್ದು ಓದಿದ ಹೆಣ್ಣುಮಕ್ಕಳೆಲ್ಲ ನಾಟಕಕ್ಕೆ ಬರ್ರಿ ಎಂದು. ನಾನು ಉಣಿಸಿದ ಹುಡುಗಿಯರು ಬಂದೇ ಬರುತ್ತಾರೆ. ಅವರೆಲ್ಲ ಸಾಲಾಗಿ ಕೂತು, ನನ್ನ ಸಾರಿನಲ್ಲಿ ಕಾಡಿಗೆ ಹಚ್ಚಿಕೊಳ್ಳುವುದನ್ನು ನೋಡಿ ನಗುತ್ತಾರೆ. ಆಮೇಲೆ ಆ ಗಂಟು ನೋಡುತ್ತಾರೆ. ಒಬ್ಬಳಿಗೆ, ಒಬ್ಬಳಿಗಾದರೂ ಹಳೆಯದು ಹೊಳೆದರೆ ನನ್ನ ಗತಿ ಏನು? ನನ್ನ ಹತ್ತಿರ ಹೊಲವಿಲ್ಲ, ಮನೆಯಿಲ್ಲ. ಹುಲಿಗೆವ್ವ ಬಾಯಿ ಕೆಟ್ಟವಳು, ಕೈ ಶುದ್ಧ ಎಂಬ ಒಂದು ಹೆಸರಿದೆ. ಅದು ಸುಳ್ಳು ಹೆಸರು ಎನ್ನುವುದು ನಿಜ, ಆದರೂ ಇಷ್ಟು ವರ್ಷ ಉಟ್ಟುಕೊಂಡು ಓಡಾಡಿದ್ದೇನೆ. ಈ ವಯಸ್ಸಿನಲ್ಲಿ ಬಿಚ್ಚಿಟ್ಟರೆ ಚಳಿಯಾಗುತ್ತದೆ.

"ಆ ಸಾರಿಂದು ಗಂಟಿಂದು ತಗದ್ ಬಿಡ್ರವಾ" ಎಂದು ಬೇಡಿಕೊಂಡೆ.

"ಅಜ್ಜಿ, ಅವೆರಡು ತಗದ್ರ ನಾಟಕದಾಗ ಉಳಿಯೂದು ಪರದಿ ಒಂದ" ಎಂದಳು ಮೊಮ್ಮಗಳು.

ಮೂರು ದಿನ ಯೋಚನೆ ಮಾಡಿದೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಆಗ ಅದು ಬಹಳ ದೊಡ್ಡ ಉಪಾಯ ಎನ್ನಿಸಿತ್ತು. ಅರಿಶಿನದ ನೀರಿನ ಬದಲು ನಿಜವಾದ ಸಾರು ಒಯ್ದರೆ? ಗಟ್ಟಿ ಸಾರು. ಅದರಲ್ಲಿ ಯಾರ ಮುಖ ಕಾಣುತ್ತದೆ? ಕಾಡಿಗೆ ಎಲ್ಲಿ ಹಚ್ಚಿಕೊಳ್ಳುತ್ತಾರೆ? ಹುಲಿಗೆವ್ವನ ಸಾರು ಎಂದರೆ ಇದು ಎಂದು ಎಲ್ಲರ ಎದುರಿಗೆ ಗೊತ್ತಾಗಲಿ ಎಂದುಕೊಂಡೆ. ನಾಟಕದ ದಿನ ಬೆಳಿಗ್ಗೆ ಎದ್ದು ದೊಡ್ಡ ಬೋಗುಣಿಯಲ್ಲಿ ಬೇಳೆ ಇಟ್ಟೆ. ಒಣಕೊಬ್ಬರಿ, ಬೆಳ್ಳುಳ್ಳಿ, ಹುಣಸೆಹುಳಿ, ಬೆಲ್ಲ, ಒಂದನ್ನೂ ಬಿಡಲಿಲ್ಲ. ಬಟ್ಟೆ ಕಟ್ಟಿ ಆಟೋದಲ್ಲಿ ಇಟ್ಟುಕೊಂಡು ಕೊಪ್ಪಳಕ್ಕೆ ಹೊರಟರೆ ಆಟೋದವನು ಮೂಸಿ ನೋಡಿ, "ಯಜ್ಜಿ, ಊಟ ಎಲ್ಲೈತಿ?" ಎಂದ. "ನಾಟಕದಾಗ" ಎಂದೆ. ಅವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಭಾನುವಾರ ಮಧ್ಯಾಹ್ನ. ಸಭಾಂಗಣದ ತುಂಬಾ ಹೆಂಗಸರು. ಪರದೆ ಸರಿಯಿತು, ಟ್ರಂಕುಗಳು ಬಂದವು, ಸುಶೀಲೆಯರು ಒಬ್ಬರ ಕಾಲಿಗೆ ಒಬ್ಬರು ಬಿದ್ದರು, ಜನ ನಕ್ಕರು. ಊಟದ ದೃಶ್ಯ ಬಂತು. ನಾನು ಹೋಗಿ ಐದು ಬಟ್ಟಲಿಗೂ ಬಡಿಸಿದೆ. ಶಬಾನಾ ಕಾಡಿಗೆ ಡಬ್ಬಿ ಕೈಯಲ್ಲಿ ಹಿಡಿದು ಬಗ್ಗಿದಳು. "ಅಯ್ಯ, ಸಾರಿನಾಗ ನನ್ನ ಮಾರಿ..." ಎಂದವಳು ಅಲ್ಲಿಗೇ ನಿಂತಳು. ಬಟ್ಟಲನ್ನು ಈ ಕಡೆ ಆ ಕಡೆ ತಿರುಗಿಸಿದಳು. "ನನ್ನ ಮಾರಿ ಕಾಣವಲ್ದಲ್ಲ!" ಎಂದಳು. ಅದು ನಾಟಕದಲ್ಲಿ ಇಲ್ಲದ ಮಾತು. ಆಮೇಲೆ ಒಂದು ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಬೆಳಿಗ್ಗೆಯಿಂದ ಬಣ್ಣ ಹಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಆ ಹುಡುಗಿಯರು ಏನೂ ತಿಂದಿರಲಿಲ್ಲ. ಅಲ್ಲಿಂದ ಮುಂದೆ ನಾಟಕ ಇಲ್ಲ, ಊಟ. ಐವರೂ ಬಟ್ಟಲು ಎತ್ತಿ ಸುರ್ ಎಂದು ಕುಡಿಯುತ್ತಿದ್ದಾರೆ, ಒಬ್ಬಳು "ನನಗ ಇನ್ನಷ್ಟು ಹಾಕಬೇ" ಎನ್ನುತ್ತಿದ್ದಾಳೆ. ವಾರ್ಡನ್ ವೇಷದ ಸಹನಾ ಬೆತ್ತ ಬೀಸುತ್ತಾ ಬಂದು, "ಸುಶೀಲೆಯರೇ, ಅಪವಾದಕ್ಕೆ ಹೊತ್ತಾಯಿತು!" ಎಂದು ಕೂಗಿದಳು. ಯಾರೂ ತಲೆ ಎತ್ತಲಿಲ್ಲ. ಆಕೆ ನನ್ನ ಕಿವಿಯ ಹತ್ತಿರ ಬಂದು, "ಅಜ್ಜಿ, ಇದೇನ್ ಮಾಡಿಟ್ಟಿ?" ಎಂದು ಹಲ್ಲು ಕಡಿದಳು.

"ಸಾರು" ಎಂದೆ, ಸಭೆಗೆಲ್ಲ ಕೇಳುವ ಹಾಗೆ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಯಾವ ಮಾತನ್ನೂ ಆಡಿಲ್ಲ.

ಆ ಹೆಮ್ಮೆ ಬಟ್ಟಲು ಖಾಲಿಯಾಗುವಷ್ಟು ಹೊತ್ತೂ ಉಳಿಯಲಿಲ್ಲ. ಒಗ್ಗರಣೆಯ ವಾಸನೆ ಸಾಲು ಸಾಲು ದಾಟಿ ಹೋಗಿತ್ತು. ನಾಲ್ಕನೆಯ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ನಲವತ್ತು ದಾಟಿದ್ದಳು, ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ಗಿರಿಜಾ. ನಮ್ಮ ಹಾಸ್ಟೆಲಿನಲ್ಲಿ ಐದು ವರ್ಷ ಇದ್ದವಳು. ಡಬ್ಬಿಗಳ ಮೇಲೆ ಸುಣ್ಣದಲ್ಲಿ ಹೆಸರು ಬರೆದು ನನಗೆ ಅಕ್ಷರ ಕಲಿಸಿದವಳು ಅವಳೇ.

"ಏ ಹುಲಿಗೆವ್ವಾ! ಇದು ಸಾಹೇಬ್ರು ಬಂದ ದಿನದ ಸಾರು! ಇವತ್ತ ಯಾವ ಸಾಹೇಬ್ರು ಬಂದಾರಬೇ?"

ಸಭೆ ಹೋ ಎಂದಿತು. ಎಲ್ಲ ಹಾಸ್ಟೆಲಿಗೂ ಒಬ್ಬ ಸಾಹೇಬರು ಬರುತ್ತಿದ್ದರಲ್ಲ, ಎಲ್ಲರಿಗೂ ಅವರವರ ಸಾಹೇಬರ ಸಾರು ನೆನಪಿಗೆ ಬಂತು. ಗಿರಿಜಾ ಅಷ್ಟಕ್ಕೆ ಕೂರಲಿಲ್ಲ. "ಇಷ್ಟ್ ಛಲೋ ಮಾಡಾಕ ಬರ್ತಿತ್ತಲ್ಲಬೇ ಯವ್ವಾ! ಮತ್ತ ಉಳದ ದಿನ ಆ ಬ್ಯಾಳಿ ಎಲ್ಲಿ ಹೋಗ್ತಿತ್ತು?"

ನೋಡಿ, ಇಪ್ಪತ್ತೊಂಬತ್ತು ವರ್ಷ ಸಾಹೇಬರೇ ಕೇಳದ ಪ್ರಶ್ನೆ. ಸಾರು ನೀರಾಗಿಯೇ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪಾಪ, ಮುದುಕಿಗೆ ಅಷ್ಟೇ ಬರುತ್ತದೆ ಎಂದು ಬಿಡುತ್ತಿದ್ದರು. ಬರುತ್ತದೆ ಎಂದು ನಾನೇ ಬೋಗುಣಿ ಹೊತ್ತು ತಂದು ಸಾಕ್ಷಿ ಹೇಳಿದ್ದೆ. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಸೆರಗಿನಲ್ಲಿ ನಾಟಕದ ಗಂಟು, ನನ್ನದೇ ರೀತಿಯಲ್ಲಿ ಮಡಚಿ ಕಟ್ಟಿದ್ದು, ಒಂದು ಕಾಳೂ ಉದುರದೆ ಗಟ್ಟಿಯಾಗಿ ಕೂತಿತ್ತು. ಐದೂ ಸುಶೀಲೆಯರು ಒಟ್ಟಿಗೆ ತಲೆ ತಿರುಗಿಸಿ ಆ ಗಂಟನ್ನು ನೋಡಿದರು. ಸಭೆ ಮತ್ತೊಮ್ಮೆ ಹೋ ಎಂದಿತು. ನಾನು ಬಾಯಿ ತೆರೆದೆ, ಮುಚ್ಚಿದೆ. ಕನಕಗಿರಿಯ ಹುಡುಗಿ ಹೆದರಿ ಪರದೆ ಎಳೆದುಬಿಟ್ಟಳು.

ಪರದೆಯ ಹಿಂದೆ ಗಿರಿಜಾ ಓಡಿಬಂದಳು. ಈಗ ಕುಷ್ಟಗಿಯಲ್ಲಿ ನರ್ಸ್ ಅಂತೆ. "ಚಾಷ್ಟಿ ಮಾಡೀನಬೇ, ಸಿಟ್ಟಾಗಬ್ಯಾಡ" ಎಂದು ಕೈ ಹಿಡಿದಳು. "ನಮಗ ಗೊತ್ತಿಲ್ಲೇನು, ಸರಕಾರ ಕೊಡೂದ ಅಷ್ಟು. ಅಷ್ಟರಾಗ ಅಷ್ಟ್ ಮಂದಿಗೆ ಸಂಭಾಳ್ಸೀದಿ. ನೀ ಇರಲಿಲ್ಲಂದ್ರ ನಾವ್ ಉಪಾಸ ಬೀಳ್ತಿದ್ವಿ." ಈಗ ಹೇಳಬೇಕು ಎಂದುಕೊಂಡೆ. ನಿಜವಾಗಿ ಬಾಯಿ ತೆರೆದೆ. ಹೊರಗೆ ಬಂದ ಮಾತು ಇದು: "ಇನ್ನಷ್ಟ ಸಾರು ಉಳದೈತಿ. ಡಬ್ಬಿ ತಂದಿಯೇನು?" ತಂದಿದ್ದಳು. ಹಾಸ್ಟೆಲಿನಲ್ಲಿ ಬೆಳೆದವರು ಡಬ್ಬಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಹೇಗೋ ಮರೆಯುತ್ತಿದ್ದೆ. ಸಹನಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ಗಂಗಾವತಿಯಿಂದಲೂ ಕುಷ್ಟಗಿಯಿಂದಲೂ ನಾಟಕಕ್ಕೆ ಕರೆ ಬಂತು. ಆ ಸಾರಿನ ಜಗಳ ಇರಲೇಬೇಕು ಎಂದರಂತೆ. ಆಕೆ ಓಡಿಬಂದು ನನ್ನನ್ನು ಅಪ್ಪಿಕೊಂಡಳು. ಗಿರಿಜಾಳ ಪ್ರಶ್ನೆಯನ್ನು ನಾಟಕದಲ್ಲಿ ಬರೆದು ಸೇರಿಸಿದಳು. ಇನ್ನು ಮೇಲೆ ಪ್ರತಿ ಆಟದಲ್ಲೂ ಒಬ್ಬ ಹುಡುಗಿ ಜನರ ನಡುವೆ ಕೂತಿರಬೇಕು, ಎದ್ದು ನಿಂತು ಬೇಳೆ ಎಲ್ಲಿ ಹೋಗುತ್ತಿತ್ತು ಎಂದು ಕೇಳಬೇಕು. ನಾನು ಸೌಟು ಹಿಡಿದು ಕಲ್ಲಿನಂತೆ ನಿಲ್ಲಬೇಕು. ಪಾಪ ಮಾಡಿದವರನ್ನು ಸತ್ತ ಮೇಲೆ ವಿಚಾರಣೆ ಮಾಡುತ್ತಾರೆ ಎಂದು ಕೇಳಿದ್ದೆ. ನನಗೆ ತಾಲೂಕಿಗೊಂದು ವಿಚಾರಣೆ, ಅದೂ ಮೈಕು ಕಟ್ಟಿ.

ಗಂಗಾವತಿ ಭತ್ತದ ಸೀಮೆ. ಎರಡೂ ಹೊತ್ತು ಅನ್ನ ಉಣ್ಣುವ ಜನಕ್ಕೆ ಸಾರಿನ ಕಷ್ಟ ಇತರರಿಗಿಂತ ಹೆಚ್ಚು ಗೊತ್ತು, ಅದಕ್ಕೇ ಹೆಚ್ಚು ನಕ್ಕರು. ನಾನು ನಿಂತೆ, ಬಾಯಿ ತೆರೆದೆ, ಮುಚ್ಚಿದೆ. ಆಟ ಮುಗಿದ ಮೇಲೆ ಕನ್ನಡಕ ಹಾಕಿದ ಹಿರಿಯರೊಬ್ಬರು ಬಂದು, "ತಾಯಿ, ಮೌನದಾಗ ಎಂಥಾ ಅಭಿನಯ ಮಾಡಿದ್ರಿ! ಖರೇ ಕಳ್ಳಿ ನಿಂತಂಗ ಇತ್ತು" ಎಂದು ಕೈ ಮುಗಿದರು. ನಾನೂ ಕೈ ಮುಗಿದೆ. ಮತ್ತೇನು ಮಾಡಲಿ?

ಕುಷ್ಟಗಿಗೆ ಹೋಗುವ ಹೊತ್ತಿಗೆ ನನಗೆ ಸಾಕಾಗಿ ಹೋಗಿತ್ತು. ಶಬಾನಾ ಮತ್ತು ಉಳಿದ ಸುಶೀಲೆಯರು ಇಪ್ಪತ್ತು ವರ್ಷದ ಹುಡುಗಿಯರು. ಎಂದೂ ಏನೂ ಕದಿಯದವರು ಪ್ರತಿ ಆಟದಲ್ಲೂ ಎದೆ ಬಡಿದುಕೊಂಡು ನಾ ಕಳ್ಳಿ, ನಾ ಕಳ್ಳಿ ಎಂದು ಕೂಗುತ್ತಾರೆ. ನಿಜವಾಗಿ ಕದ್ದವಳು ನಾನು, ಮೂಲೆಯಲ್ಲಿ ಸೌಟು ಹಿಡಿದು ನಿಂತು ಚಪ್ಪಾಳೆ ತೆಗೆದುಕೊಳ್ಳುತ್ತೇನೆ. ಮುಂದಿನ ಸಾಲಿನಲ್ಲಿ ಗಿರಿಜಾ ತನ್ನ ಆಸ್ಪತ್ರೆಯ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಬಂದು ಕೂತಿದ್ದಳು. ಪಕ್ಕದಲ್ಲಿ ನನ್ನ ಮಗಳು ಶಾಂತಾ. ಬೋಗುಣಿ ಎತ್ತಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಆಕೆಯನ್ನೂ ಕರೆದುಕೊಂಡು ಬಂದಿದ್ದೆವು. ಪ್ರಶ್ನೆ ಬಂತು. ನಾನು ಸೌಟು ಕೆಳಗಿಟ್ಟೆ. ಸೆರಗಿನ ಗಂಟು ಬಿಚ್ಚಿ ಬೇಳೆಯನ್ನು ತಟ್ಟೆಗೆ ಸುರಿದೆ. ಮೈಕಿನ ಮುಂದೆ ಬಂದು ನಿಂತೆ.

"ನನ್ನ ಮನಿಗೆ ಹೋಗ್ತಿತ್ತು" ಎಂದೆ. "ದಿನಾ ಎರಡ್ ಬೊಗಸಿ. ನನ್ನ ಮೂರು ಮಕ್ಕಳು ಗಟ್ಟಿ ಬ್ಯಾಳಿ ಉಂಡ್ರು. ನಿಮಗ ನೀರು ಹಾಕಿದೆ. ಸರಕಾರ ಅಲ್ಲ, ಸಾಹೇಬ್ರು ಅಲ್ಲ. ಕದ್ದಾಕಿ ನಾನು."

ನನ್ನ ಹೆಗಲಿನಿಂದ ಏನೋ ಇಳಿದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಆ ಶಬಾನಾ, ಆ ಹಡಬಿಟ್ಟಿ ಹುಡುಗಿ, ಎದ್ದು ನಿಂತು ಎದೆ ಬಡಿದುಕೊಂಡಳು. "ಇಲ್ರಿ ಮೇಡಂ! ಅಜ್ಜಿ ಸುಳ್ಳ ಹೇಳಾಕತ್ಯಾಳ! ಬ್ಯಾಳಿ ನಾ ಕದ್ದೀನ್ರಿ!" ಎರಡನೆಯ ಸುಶೀಲಾ ಎದ್ದಳು. "ನೀ ಎಲ್ಲಿ ಕದ್ದಿ? ಬ್ಯಾಳಿ ನಂದು! ಕಳ್ಳತನ ನಂದು!" ಐವರೂ ತಟ್ಟೆಯಲ್ಲಿದ್ದ ಬೇಳೆಗೆ ಮುಗಿಬಿದ್ದು ಸೆರಗಿನಲ್ಲಿ ಕಟ್ಟಿಕೊಳ್ಳತೊಡಗಿದರು. ಅದೂ ನಾನು ಕಲಿಸಿಕೊಟ್ಟ ಗಂಟು. ಸಭೆ ಬಿದ್ದು ಬಿದ್ದು ನಕ್ಕಿತು. ಸಿಳ್ಳೆ ಹೊಡೆದರು. ಗಿರಿಜಾ ನಕ್ಕು ನಕ್ಕು ಕಣ್ಣಲ್ಲಿ ಬಂದ ನೀರು ಒರೆಸಿಕೊಳ್ಳುತ್ತಿದ್ದಳು. ನಾನು ಮೈಕಿನಲ್ಲಿ, "ಖರೇ ಹೇಳಾಕತ್ತೀನ್ರೇ" ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಒಂದೇ ಒಂದು ಕಳ್ಳತನ, ಅದನ್ನೂ ಈ ಹುಡುಗಿಯರು ನನ್ನ ಕೈಯಿಂದ ಕಸಿದುಕೊಂಡರು. ಇಡೀ ಸಭೆಯಲ್ಲಿ ನಗದೆ ಕೂತವಳು ಒಬ್ಬಳೇ. ನನ್ನ ಮಗಳು ಶಾಂತಾ.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ನನ್ನ ಪಕ್ಕದಲ್ಲಿ ಕೂತಿದ್ದಳು, ಖಾಲಿ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಬಸ್ಸು ಕುಷ್ಟಗಿ ದಾಟಿತು. ಆಮೇಲೆ ಮೆಲ್ಲಗೆ, "ಯವ್ವಾ, ಖರೇನ?" ಎಂದಳು.

"ಖರೇನ" ಎಂದೆ.

ಆಕೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಸಜ್ಜೆಯ ಹೊಲ ಹಿಂದೆ ಹಿಂದೆ ಓಡುತ್ತಿತ್ತು. ತಿಂದದ್ದನ್ನು ಈಗ ಏನು ಮಾಡಲು ಬರುತ್ತದೆ? ಅವಳ ಎಲುಬಿನಲ್ಲಿ ಸೇರಿಹೋಗಿದೆ.

ಅಷ್ಟರಲ್ಲಿ ಮುಂದಿನ ಸೀಟಿನಿಂದ ಸಹನಾ ಹಿಂದಕ್ಕೆ ತಿರುಗಿದಳು. ಮುಖದ ತುಂಬಾ ಸಂತೋಷ. "ಅಜ್ಜಿ, ಆ ಹೊಸಾ ಮಾತು ಎಲ್ಲಿಂದ ತಂದಿ? ಭಾಳ ಛಲೋ ಬಂತು. ಆದ್ರ ಲಗೂ ಲಗೂ ಹೇಳಿಬಿಟ್ಟಿ. 'ಕದ್ದಾಕಿ' ಅಂದು ಸ್ವಲ್ಪ ತಡದು, ಆಮ್ಯಾಲ 'ನಾನು' ಅನ್ನು. ನಗಿ ಇನ್ನೂ ದೊಡ್ಡದು ಬರ್ತೈತಿ. ಎಲಬುರ್ಗಾದ ಆಟದಾಗ ಸರಿ ಮಾಡೂಣು."

ಎಲಬುರ್ಗಾ! ನನ್ನ ಹುಡುಗಿಯರೆಲ್ಲ ಇರುವುದು ಆ ಕಡೆಯೇ. ಸಹನಾ ತನ್ನ ಪಾಡಿಗೆ ಹೇಳುತ್ತಿದ್ದಳು. "ನಿನ್ನ ಕೈಯಾಗ ಉಂಡಾಕಿಗೋಳೆಲ್ಲ ಬರಾಕತ್ತಾರಂತ. ಗಿರಿಜಾ ಅಕ್ಕ ಎಲ್ಲಾರಿಗೂ ಫೋನ್ ಮಾಡ್ಯಾರ. ಆಟ ಮುಗದ ಮ್ಯಾಲ ಎಲ್ಲಾರಿಗೂ ಸಾಹೇಬರ ಸಾರು ಅಂತ ಹೇಳಿಬಿಟ್ಟೀನಿ. ನೀನ ಮಾಡಬೇಕು, ಗಟ್ಟಿ ಸಾರು."

ಸರಿ ಎಂದುಕೊಂಡೆ. ದೇವರು ಕಣ್ಣು ಬಿಟ್ಟ. ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಸಾರಿನಲ್ಲಾದರೂ ತೀರಿಸೋಣ. ಒಬ್ಬೊಬ್ಬರಿಗೂ ಸೌಟು ನಿಲ್ಲುವಂಥ ಸಾರು ಬಡಿಸೋಣ, ಯಾರ ಬಟ್ಟಲಿನಲ್ಲೂ ಯಾರ ಮುಖವೂ ಕಾಣಬಾರದು. ಮನಸ್ಸಿನಲ್ಲೇ ಬೇಳೆ ಅಳೆಯುತ್ತಾ ಕೂತೆ. ಎಷ್ಟೋ ದಿನದ ಮೇಲೆ ಎದೆ ಸ್ವಲ್ಪ ಹಗುರಾಗಿತ್ತು.

"ಆದ್ರ ಅಜ್ಜಿ, ನಾವ್ ಅಂದ್ಕೊಂಡದ್ದಕ್ಕಿಂತ ಮಂದಿ ಭಾಳ ಬಂದ್ರ ಹೆಂಗ?" ಎಂದಳು ಸಹನಾ.

"ಅದ್ಕೇನ್" ಎಂದೆ ನಾನು, ಯೋಚನೆ ಮಾಡದೆ. "ಎರಡ್ ಕೊಡ ನೀರು ಹಾಕಿದ್ರಾತು."

ಅಲ್ಲಿಯವರೆಗೆ ಕಿಟಕಿಯ ಕಡೆ ನೋಡುತ್ತಾ ಕೂತಿದ್ದ ನನ್ನ ಮಗಳು ಬೋಗುಣಿಯ ಮೇಲೆ ಮುಖ ಇಟ್ಟುಕೊಂಡು ನಗತೊಡಗಿದಳು.